ಸುವರ್ಣಾಳ ಬಂದೂಕಿಗೆ ಹೊಸ ಕುದುರೆ

ನನ್ನ ಬಲಗೈಯ ತೋರುಬೆರಳಿಗೆ ಒಂದು ಚಟವಿದೆ. ಬೆಳಗಿನ ಚಹಾದ ಕಪ್ಪಿನ ಕಿವಿಯೊಳಗೆ ನುಸುಳಿದ ಕೂಡಲೇ ಅದು ನನ್ನನ್ನು ಕೇಳದೆ ಮೆಲ್ಲಗೆ ಹಿಂದಕ್ಕೆ ಒತ್ತಲು ಶುರುಮಾಡುತ್ತದೆ. ಒತ್ತುತ್ತದೆ, ಒಂದು ಕಡೆ ನಿಲ್ಲುತ್ತದೆ, ನಾನು ಉಸಿರನ್ನು ಅರ್ಧ ಹೊರಗೆ ಬಿಟ್ಟ ಮೇಲೆ ಮತ್ತಿಷ್ಟು ಒತ್ತುತ್ತದೆ. ಕಪ್ಪು ಪಾಪ, ಪಿಂಗಾಣಿಯದು. ಅದರಿಂದ ಗುಂಡು ಹಾರಿದ್ದನ್ನು ನಾನು ಕಂಡಿಲ್ಲ. ಎದುರಿಗೆ ಕುಳಿತ ನನ್ನ ಹೆಂಡತಿ ಕಮಲಾ ಮಾತ್ರ ಪತ್ರಿಕೆಯಿಂದ ಕಣ್ಣೆತ್ತದೆ ಕೇಳುತ್ತಾಳೆ:

"ಇವತ್ತ ಯಾರ್ನ ಹೊಡದ್ರಿ?"

"ಯಾರ್ನೂ ಇಲ್ಲ. ಚಾ ಕುಡ್ಯಾಕತ್ತೇನಿ."

"ಕುಡೀರಿ. ಕಿವಿ ಕಿತ್ತ ಕೈಯಾಗ ಬಂದೀತು. ಹ್ವಾದ ತಿಂಗಳ ಮುರದ ಕಪ್ಪಿಗೆ ಇನ್ನೂ ಅಂಟ ಹಚ್ಚಿ ಇಟ್ಟೇನಿ."

ನಾನು ಪಲ್ಟನ್ನಿನಲ್ಲಿ ಆರ್ಮರರ್ ಆಗಿದ್ದೆ. ಬಂದೂಕು ಹೊಡೆಯುವವರು ಬೇರೆ. ಅವರು ಹೊಡೆದು ಕೆಡಿಸಿ ತಂದದ್ದನ್ನು ಬಿಚ್ಚಿ, ಒರೆಸಿ, ಮತ್ತೆ ಜೋಡಿಸಿ ಕೊಡುವವನು ನಾನು. ಪಿಂಚಣಿ ಬಂದು ವರ್ಷಗಳಾದವು. ಈಗಲೂ ಬೆಳಕು ಹರಿಯುವ ಮೊದಲು ಏಳುತ್ತೇನೆ, ಗಡ್ಡ ಹೆರೆಯುತ್ತೇನೆ, ಹಾಸಿಗೆಯ ಚಾದರದ ಮೂಲೆ ಮಡಚಿ ಬಿಗಿಯುತ್ತೇನೆ. ಮನೆಗೆ ಬಂದವರು ಒಳಗೆ ಮಾತಾಡುತ್ತಿರುವಾಗಲೇ ಹೊರಗೆ ಹೋಗಿ ಅವರ ಚಪ್ಪಲಿಗಳನ್ನು ಮೂಗು ಸರಿಗಟ್ಟಿ ನಿಲ್ಲಿಸಿ ಬರುತ್ತೇನೆ. ಒಮ್ಮೆ ಅಡುಗೆಮನೆಯ ಡಬ್ಬಿಗಳನ್ನೂ ಎತ್ತರದ ಪ್ರಕಾರ ಸಾಲಿಗೆ ನಿಲ್ಲಿಸಿದ್ದೆ. ಆ ವಾರವಿಡೀ ಕಮಲಾ ಸಕ್ಕರೆಯ ಬದಲು ರವೆ ಹಾಕಿ ಚಹಾ ಮಾಡಿದಳು. ತಪ್ಪಿ ಮಾಡಿದಳೋ ಬೇಕೆಂದೇ ಮಾಡಿದಳೋ, ನಾನು ವಿಚಾರಣೆ ನಡೆಸಲಿಲ್ಲ.

ಬಂದೂಕಿನಲ್ಲಿ ಬೆರಳಿಗೆ ಸಿಗುವ ಆ ಬಾಗಿದ ತುಂಡಿಗೆ ಈಗ ಎಲ್ಲರೂ ಟ್ರಿಗರ್ ಎನ್ನುತ್ತಾರೆ. ಪಲ್ಟನ್ನಿನಲ್ಲಿ ನಮ್ಮ ಉಸ್ತಾದರು ಅದನ್ನು ಲಿಬ್ಲಿಬಿ ಎನ್ನುತ್ತಿದ್ದರು. ಮೊದಲ ಸಲ ಕೇಳಿದಾಗ ಏನೋ ತಿನ್ನುವ ಪದಾರ್ಥವಿರಬೇಕು ಎಂದುಕೊಂಡಿದ್ದೆ. ಖಾನಾಪುರದಲ್ಲಿ ನಾನು ಹುಡುಗನಾಗಿದ್ದಾಗ ಅದರ ಹೆಸರು ಕುದುರೆ. ಕಾಡಂಚಿನ ಹೊಲದವರ ಬಳಿ ಹಂದಿ ಬೆದರಿಸುವ ನಾಡಬಂದೂಕು ಇರುತ್ತಿತ್ತು. ಗೋಡೆಗೆ ತೂಗುಹಾಕಿದ ಅದರ ಹತ್ತಿರ ಹೋದರೆ "ಕುದರಿ ಮುಟ್ಟಬ್ಯಾಡ!" ಎಂದು ಗದರುತ್ತಿದ್ದರು. ಬಂದೂಕಿನೊಳಗೆ ನಿಜವಾಗಿಯೂ ಒಂದು ಸಣ್ಣ ಕುದುರೆ ನಿಂತಲ್ಲೇ ನಿದ್ದೆ ಮಾಡುತ್ತಿದೆ ಎಂದು ನಾನು ಬಹಳ ಕಾಲ ನಂಬಿದ್ದೆ. ಬಂದೂಕು ಭುಜಕ್ಕೆ ಒದೆಯುತ್ತದೆ ಎಂದು ಯಾರೋ ಹೇಳಿದ ಮೇಲಂತೂ ಸಂಶಯವೇ ಉಳಿಯಲಿಲ್ಲ. ಮಧ್ಯಾಹ್ನ ಎಲ್ಲರೂ ಮಲಗಿದಾಗ ಅದರ ಹಿಡಿಕೆಗೆ ಕಿವಿಯಿಟ್ಟು ಉಸಿರಾಟ ಕೇಳುತ್ತದೆಯೇ ಎಂದು ನೋಡುತ್ತಿದ್ದೆ. ಹಳೆಯ ಎಣ್ಣೆಯ ವಾಸನೆ, ಹೊಗೆಯ ವಾಸನೆ, ಹೊರಗೆ ಬಿದಿರು ಮೆಳೆಯಲ್ಲಿ ಗಾಳಿ. ಕೇಳಿದಂತೆಯೂ ಆಗುತ್ತಿತ್ತು.

ನಮ್ಮಪ್ಪ ಖಾನಾಪುರ ಸ್ಟೇಷನ್ನಿನ ಕ್ಯಾಬಿನ್ನಿನಲ್ಲಿ ಸಿಗ್ನಲ್ ಎಳೆಯುವ ಕೆಲಸದಲ್ಲಿದ್ದರು. ಎತ್ತರದ ಆ ಕೋಣೆಯಲ್ಲಿ ಕಬ್ಬಿಣದ ಲೀವರುಗಳು ಸಾಲಾಗಿ ನಿಂತಿರುತ್ತಿದ್ದವು. ಒಂದೊಂದರ ಹಿಂದೆಯೂ ಒಂದು ಹಿಡಿಕೆ. ಅದನ್ನು ಮುಷ್ಟಿಯಲ್ಲಿ ಹಿಸುಕಿದರೆ ಕೆಳಗಿನ ಕೊಂಡಿ ಬಿಡುತ್ತಿತ್ತು. ಲೀವರನ್ನು ಎಳೆದರೆ ಕೊಂಡಿ ಮತ್ತೊಂದು ಕಚ್ಚಿನಲ್ಲಿ ಹೋಗಿ ಕೂರುತ್ತಿತ್ತು. ಎಳೆದದ್ದು ಇಲ್ಲಿ. ತಂತಿಯೊಂದು ಹಳಿಯ ಪಕ್ಕದ ಪುಟ್ಟ ಗಾಲಿಗಳ ಮೇಲೆ ಹುಲ್ಲಿನೊಳಗೆ ಸರಸರ ಓಡಿ, ದೂರದಲ್ಲಿ, ಮಲಪ್ರಭೆಯ ಕಡೆಯಿಂದ ಬಂದ ಬೆಳಗಿನ ಮಂಜಿನೊಳಗೆ, ಸಿಗ್ನಲ್ಲಿನ ಕೈಯನ್ನು ಬಾಗಿಸುತ್ತಿತ್ತು. ನಾನು ಕಿಟಕಿಯ ಸರಳಿಗೆ ಮೂಗು ಒತ್ತಿ ಆ ಕೈಯನ್ನೇ ನೋಡುತ್ತಿದ್ದೆ. ಅಪ್ಪ ಅತ್ತ ನೋಡುತ್ತಲೇ ಇರಲಿಲ್ಲ. ಕೊಂಡಿ ಕೂತ ಸದ್ದು ಕೇಳಿದ ಮೇಲೆ "ಕುಂತತು" ಎಂದು ತಮಗೆ ತಾವೇ ಹೇಳಿಕೊಂಡು ಕೈ ಬಿಡುತ್ತಿದ್ದರು. ಮನೆಯಲ್ಲಿ ಬಾಗಿಲ ಅಗಳಿ ಹಾಕಿದಾಗಲೂ ಹಾಗೆಯೇ ಹೇಳುತ್ತಿದ್ದರು. ನಾನು ಆರ್ಮರರ್ ಆದದ್ದು ಪಲ್ಟನ್ನಿನವರ ಆಯ್ಕೆಯೆಂದು ಕಾಗದಪತ್ರದಲ್ಲಿ ಇರಬಹುದು. ಆ ಕೆಲಸಕ್ಕೆ ನನ್ನ ಕಿವಿ ಮಾತ್ರ ಆ ಕ್ಯಾಬಿನ್ನಿನಲ್ಲೇ ಭರ್ತಿಯಾಗಿತ್ತು.

ಹೀಗೆ ನೆನೆಯುತ್ತ ಹೋದರೆ ಚಹಾ ಆರುತ್ತದೆ. ಸುವರ್ಣಾಳ ವಿಷಯ ಹೇಳಬೇಕು.

ಸುವರ್ಣಾ ತೀರಿಹೋದ ನನ್ನ ಗೆಳೆಯನ ಮಗಳು. ಖಾನಾಪುರದ ಒಂದು ಹೈಸ್ಕೂಲಿನಲ್ಲಿ ಆಟ ಕಲಿಸುವ ಟೀಚರು. ತಾಯಿ ಗೌರವ್ವನ ಜೊತೆ ಇರುತ್ತಾಳೆ. ಇತ್ತ ನಾನಿರುವ ವಡಗಾವಿಯಿಂದ ಸ್ವಲ್ಪ ದೂರ, ಕಾಕತಿಯ ಕಡೆ ಒಂದು ಸಣ್ಣ ಶೂಟಿಂಗ್ ಕ್ಲಬ್ಬಿದೆ. ಬೆಳಿಗ್ಗೆ ನಾನು ಅಲ್ಲಿಗೆ ಹೋಗಿ ಬಂದೂಕುಗಳ ಆರೋಗ್ಯ ವಿಚಾರಿಸಿ ಬರುತ್ತೇನೆ. ಸುವರ್ಣಾ ರಜೆಯ ದಿನಗಳಲ್ಲಿ ಅಲ್ಲಿಗೆ ಬಂದು ಬೋರಲಾಗಿ ಮಲಗಿ, ಐವತ್ತು ಮೀಟರ್ ದೂರದ ಕಾಗದದ ಕಪ್ಪು ಚುಕ್ಕೆಗೆ ಗುರಿಯಿಡುತ್ತಾಳೆ. ಆಕೆ ಮಲಗುವ ರೀತಿ ನೋಡಬೇಕು. ಎಡ ಅಂಗೈಯ ಮೇಲೆ ಬಂದೂಕು ಕೂತಿರುತ್ತದೆ. ಕೈ ಇದೆ, ಕೈಯಲ್ಲಿ ಶ್ರಮವಿಲ್ಲ. ನಮ್ಮವ್ವ ಬೆಳಗಿನ ಪೂಜೆಯಲ್ಲಿ ಎಡ ಅಂಗೈಯ ಮೇಲೆ ಲಿಂಗವನ್ನಿಟ್ಟುಕೊಂಡು ರೆಪ್ಪೆ ಹೊಡೆಯದೆ ನೋಡುತ್ತ ಕೂತಾಗ ಹೀಗೆಯೇ ಇರುತ್ತಿತ್ತು. ನಾನು ಬೇಕೆಂದೇ ಪಾತ್ರೆ ಬೀಳಿಸಿದರೂ ಆ ಅಂಗೈ ಅಲುಗುತ್ತಿರಲಿಲ್ಲ. ಪೂಜೆ ಮುಗಿದ ಮೇಲೆ ಅದೇ ಅಂಗೈ ನನ್ನ ಬೆನ್ನಿಗೆ ಬೀಳುತ್ತಿತ್ತು ಎನ್ನುವುದು ಬೇರೆ ಮಾತು.

ಕಳೆದ ಬೇಸಿಗೆಯಲ್ಲಿ ಸುವರ್ಣಾ ನಮ್ಮ ಮನೆಗೆ ಬಂದು, ತನ್ನ ರೈಫಲ್ಲಿನ ಜೊತೆ ಬಂದಿದ್ದ ಟ್ರಿಗರನ್ನು ತೆಗೆದು ಬೇರೊಂದು ಕಂಪನಿಯವರು ಪಂದ್ಯಗಳಿಗೆಂದೇ ಮಾಡುವ ಹಗುರ ಟ್ರಿಗರ್ ಹಾಕಿಕೊಡಬೇಕೆಂದಳು.

"ಕಂಪನಿಯವರು ಹಾಕಿ ಕೊಟ್ಟದ್ದನ್ನ ಬಿಚ್ಚೂದು ನನಗ ಸೇರೂದಿಲ್ಲವ್ವಾ," ಎಂದೆ. "ಇದು ಹೊರಗಿನ ಮಾಲು. ಇವತ್ತ ಛಲೋ ಇರತೈತಿ, ನಾಳಿ ಕೈ ಕೊಡತೈತಿ."

"ಕಾಕಾ, ನಿಮ್ಮ ಮ್ಯಾಲಿನ ಹಲ್ಲಿನ ಸಾಲು ಕಂಪನಿಯವರ ಹಾಕಿ ಕೊಟ್ಟದ್ದೇನ್ರೀ?"

ಅಡುಗೆಮನೆಯಿಂದ ಕಮಲಾಳ ನಗೆ ಸ್ಟೀಲಿನ ತಾಟು ಬಿದ್ದಂತೆ ಕೇಳಿಸಿತು. ಲಟ್ಟಣಿಗೆ ಹಿಡಿದುಕೊಂಡೇ ಹೊರಗೆ ಬಂದಳು.

"ಅವೂ ಹೊರಗಿನ ಮಾಲ ನೋಡವಾ, ಖರೇ. ಆದ್ರ ಕಟಕ್ ರೊಟ್ಟಿ ಮುರ್ಯಾಕ ಇವ ಛಲೋ. ಮೊದಲಿನವು ಬರೇ ಮಾತಾಡಾಕ ಇದ್ದುವು."

ಹಲ್ಲಿನ ಮಾತು ಬಂದ ಮೇಲೆ ನನ್ನ ವಾದಕ್ಕೆ ಹಲ್ಲು ಉಳಿಯಲಿಲ್ಲ. ಟ್ರಿಗರ್ ಹಾಕಿಕೊಟ್ಟೆ.

ಪಲ್ಟನ್ನಿನ ಬಂದೂಕಿನ ಕುದುರೆಯನ್ನು ಎಳೆಯುವುದೆಂದರೆ ಬಾವಿಯಿಂದ ತುಂಬಿದ ಕೊಡ ಎಳೆದಂತೆ. ಅದು ಹಾಗೆಯೇ ಇರಬೇಕು. ಓಡುತ್ತ, ಬೀಳುತ್ತ, ಕೆಸರಿನಲ್ಲಿ ತೆವಳುತ್ತ ಇರುವವನ ಕೈಯಲ್ಲಿ ಅದು ತಾನಾಗಿ ಬಿಡಬಾರದು. ಈ ಪಂದ್ಯದ ಟ್ರಿಗರಿನ ಲೋಕವೇ ಬೇರೆ. ಮೊದಲು ಬೆರಳು ಏನೂ ಇಲ್ಲದಲ್ಲಿ ನಡೆದಂತೆ ಮೆತ್ತಗೆ ಹಿಂದಕ್ಕೆ ಹೋಗುತ್ತದೆ. ಆಮೇಲೆ ಎಲ್ಲೋ ಒಂದು ಕಡೆ ಗೋಡೆಗೆ ಒರಗಿದಂತೆ ನಿಲ್ಲುತ್ತದೆ. ಅಲ್ಲಿಂದ ಮುಂದೆ ಬೆರಳು ಒತ್ತಬೇಕಾಗಿಲ್ಲ, ಒತ್ತಬೇಕೆಂದು ಅಂದುಕೊಂಡರೆ ಸಾಕು. ಬಿಸಿಲಿಗೆ ಗರಿಗರಿಯಾಗಿ ಒಣಗಿದ ಸಂಡಿಗೆಯ ತುದಿ ಮುರಿದಂತೆ ಚಿಟಕ್ಕನೆ ಬಿಡುತ್ತದೆ. ಹಾಕಿದ ದಿನ, ಖಾಲಿ ಬಂದೂಕಿನಲ್ಲಿ ಅದನ್ನು ಒತ್ತಿ ನೋಡುತ್ತ ನಾನು ಊಟಕ್ಕೆ ಏಳುವುದನ್ನೇ ಮರೆತೆ. ಊಟದ ಹೊತ್ತನ್ನು ನಾನು ಮರೆತದ್ದು ಇಡೀ ಓಣಿಗೆ ಸುದ್ದಿಯಾಯಿತು.

ಆದರೂ ನನ್ನ ಅನುಮಾನ ಹೋಗಿರಲಿಲ್ಲ. ಹೊಸದಾಗಿದ್ದಾಗ ಎಲ್ಲ ವಸ್ತುವೂ ಸಭ್ಯವಾಗಿಯೇ ಇರುತ್ತದೆ. ಈ ಟ್ರಿಗರಿನ ಹೊಟ್ಟೆಯಲ್ಲಿ ಎರಡು ಪುಟ್ಟ ಉಕ್ಕಿನ ತುಂಡುಗಳು ಒಂದರ ಅಂಚಿನ ಮೇಲೊಂದು ನಿಂತಿರುತ್ತವೆ, ಅಷ್ಟೇ. ಕಿಟಕಿಯ ಕಟ್ಟೆಯ ಅಂಚಿನಲ್ಲಿ ಬೆಕ್ಕು ಕೂತಂತೆ. ಆ ಅಂಚು ಗಟ್ಟಿಯಾದ ಉಕ್ಕಿನದಾಗಿದ್ದು ಕನ್ನಡಿಯಂತೆ ತಿಕ್ಕಿದ್ದಾದರೆ ಎಷ್ಟು ಸಾವಿರ ಸಲ ಒತ್ತಿದರೂ ಹಾಗೆಯೇ ಇರುತ್ತದೆ. ಮೆತ್ತನೆಯ ಉಕ್ಕಿನ ಮೇಲೆ ಹೊಳೆಯುವ ಲೇಪ ಹಚ್ಚಿದ್ದಾದರೆ ಲೇಪ ಸವೆದ ಹಾಗೆ ಟ್ರಿಗರಿನ ಗುಣವೂ ತಿಂಗಳಿಗೊಂದು ಬಣ್ಣ ತಿರುಗುತ್ತದೆ. ಹೊಂದಿಸುವ ಸ್ಕ್ರೂಗಳು ಗುಂಡಿನ ಅದುರಾಟಕ್ಕೆ ಸಡಿಲಾಗುತ್ತವೆ. ಎಲ್ಲಕ್ಕಿಂತ ಹೆಚ್ಚಾಗಿ ಶೂಟರುಗಳ ಆಸೆ: ಇನ್ನೂ ಹಗುರ, ಇನ್ನೂ ಸ್ವಲ್ಪ ಹಗುರ ಎಂದು ತಿರುಗಿಸುತ್ತ ಹೋಗಿ, ಬೆಕ್ಕಿಗೆ ಕೂರಲು ಜಾಗವೇ ಇಲ್ಲದಂತೆ ಮಾಡಿಬಿಡುತ್ತಾರೆ.

ನಾನು ಹುಡುಗನಾಗಿದ್ದಾಗ ಖಾನಾಪುರದ ಹತ್ತಿರದ ಹಲಸಿಯ ಹಳೆಯ ಗುಡಿಗಳಿಗೆ ಅಪ್ಪ ನನ್ನನ್ನು ಸೈಕಲ್ಲಿನ ಮುಂದಿನ ಕೋಲಿನ ಮೇಲೆ ಕೂರಿಸಿಕೊಂಡು ಹೋಗುತ್ತಿದ್ದರು. ಅಲ್ಲಿಯ ಕಲ್ಲಿನ ಕಂಬಕ್ಕೆ ಕೆನ್ನೆ ಒತ್ತಿದರೆ ಬೇಸಿಗೆಯಲ್ಲೂ ತಣ್ಣಗೆ ಇರುತ್ತಿತ್ತು. ಎಷ್ಟು ಜನ ಹೀಗೆ ಕೆನ್ನೆ ಒತ್ತಿ ಹೋಗಿದ್ದಾರೋ, ಎಷ್ಟು ಮಳೆ ಬಾಗಿಲಲ್ಲಿ ನಿಂತು ನೋಡಿ ಹೋಗಿದೆಯೋ, ಕಂಬ ಮಾತ್ರ ಏನೂ ಆಗಿಲ್ಲವೆಂಬಂತೆ ನಿಂತಿತ್ತು. ಕಂಬಕ್ಕೇನು, ನಿಂತರಾಯಿತು. ದಿನವೂ ಬಿಡುವ, ದಿನವೂ ಮತ್ತೆ ಹಿಡಿಯುವ ವಸ್ತುವೊಂದು ನಿನ್ನೆ ಇದ್ದ ಹಾಗೆ ಇವತ್ತೂ ಇರುವುದು ಎಷ್ಟು ಕಷ್ಟ ಎಂದು ಟ್ರಿಗರ್ ತಿಕ್ಕುವಾಗಲೆಲ್ಲ ನನಗೆ ಅನ್ನಿಸುತ್ತದೆ.

ಬೇಸಿಗೆ ಹೋಯಿತು, ಮಳೆಗಾಲವೂ ಹೋಯಿತು. ಸುವರ್ಣಾಳ ಟ್ರಿಗರ್ ಒಂದು ಸಲವೂ ತಕರಾರು ಮಾಡಲಿಲ್ಲ. ಆಕೆಯ ಗುಂಡುಗಳು ಕಪ್ಪು ಚುಕ್ಕೆಯ ನಡುವೆ ಒಂದರ ಬಾಜು ಒಂದು ಒತ್ತಿಕೊಂಡು ಕೂರತೊಡಗಿದವು. ದೀಪಾವಳಿಗೆ ಮುಂಚೆ ರಾಜ್ಯ ತಂಡದ ಆಯ್ಕೆಯ ಪಂದ್ಯ ಈ ಸಲ ನಮ್ಮ ಕ್ಲಬ್ಬಿನ ಮೈದಾನದಲ್ಲೇ ಇತ್ತು. ಹಿಂದಿನ ಸಲಗಳಲ್ಲಿ ಆಕೆ ಕೂದಲೆಳೆಯಷ್ಟರಲ್ಲಿ ಹೊರಗುಳಿದಿದ್ದಳು. "ಈ ಸಲ ಆಗಲಿಲ್ಲಂದ್ರ ಬಂದೂಕ ಕ್ಲಬ್ಬಿಗೇ ಕೊಟ್ಟ ಬಿಡತೇನ್ರೀ ಕಾಕಾ," ಎಂದಿದ್ದಳು. ಸಿಟ್ಟಿನಲ್ಲಿ ಹೇಳಿದ್ದರೆ ನಾನು ಹೆದರುತ್ತಿರಲಿಲ್ಲ. ಕೂದಲು ಕಟ್ಟಿಕೊಳ್ಳುತ್ತ, ಬಸ್ಸಿನ ಹೊತ್ತು ಕೇಳಿದಷ್ಟೇ ಶಾಂತವಾಗಿ ಹೇಳಿದ್ದಳು.

ನಡುವೆ ದಸರೆ ಬಂತು. ಖಂಡೇಪೂಜೆಗೆ ಬಂದೂಕು ಮನೆಗೆ ಬರಲೇಬೇಕೆಂದು ಗೌರವ್ವ ಹಟ ಹಿಡಿದಳು. ಕುಡಗೋಲು, ಈಳಿಗೆ, ಹೊಲಿಗೆಯ ಮಷೀನು ಎಲ್ಲಕ್ಕೂ ಪೂಜೆಯಾಗುವಾಗ ಮಗಳ ಬಂದೂಕಿಗೆ ಮಾತ್ರ ಇಲ್ಲವೆಂದರೆ ಹೇಗೆ? ಸುವರ್ಣಾ ಅದನ್ನು ಮನೆಗೆ ಒಯ್ದಳು.

ಹಬ್ಬ ಮುಗಿದು ಒಂದು ದಿನ ಬೆಳಿಗ್ಗೆ, ವಡಗಾವಿಯ ನಮ್ಮ ಮನೆಯ ಬಾಗಿಲಲ್ಲಿ ಉದ್ದನೆಯ ಪೆಟ್ಟಿಗೆ ಹಿಡಿದು ನಿಂತಿದ್ದಳು. ಬಸ್ಸಿನಲ್ಲಿ ಕಂಡಕ್ಟರ್ "ಏನ ತಂಗಿ, ಸಿತಾರ ಏನು?" ಎಂದು ಕೇಳಿದನಂತೆ. ಹೌದೆಂದಿದ್ದಳು. "ಹಂಗಾರ ಒಂದ ಹಾಡ ಆಗಲಿ" ಎಂದನಂತೆ. ಇದನ್ನು ಹೇಳುವಾಗಲೂ ಆಕೆಯ ಮುಖದಲ್ಲಿ ನಗೆ ಇರಲಿಲ್ಲ.

"ಬಾ, ಕುಂದರು. ಏನಾತು?"

"ಹಿಡ್ಯಾಕತ್ತಿಲ್ರೀ ಕಾಕಾ. ಬೋಲ್ಟ್ ಮುಚ್ಚಿದ್ರ ತಾನ ಬಿಡತೈತಿ."

ಖಾಲಿ ಬಂದೂಕನ್ನು ತೆಗೆದುಕೊಂಡು ಬೋಲ್ಟ್, ಅಂದರೆ ನಳಿಗೆಯ ಹಿಂಬದಿಯ ಅಗಳಿ, ಮುಚ್ಚಿದೆ. ತೋಟಾಕ್ಕೆ ಬಡಿಯುವ ಒಳಗಿನ ಮೊಳೆಯನ್ನು ಟ್ರಿಗರ್ ಹಿಡಿದು ನಿಲ್ಲಿಸಬೇಕು. ನಿಲ್ಲಿಸಲಿಲ್ಲ. ಬೆರಳು ಮುಟ್ಟದೆಯೇ ಮೊಳೆ ಮುಂದೆ ಹೋಯಿತು. ಒಳಗೆ ತೋಟಾ ಇದ್ದಿದ್ದರೆ ಗುಂಡು ಎಲ್ಲಿ ಬೇಕಾದರೂ ಹೋಗುತ್ತಿತ್ತು. ಪಂದ್ಯದಲ್ಲಿ ಹೀಗಾದರೆ ಎದ್ದು ಹೊರಗೆ ನಡೆಯಬೇಕು. 'ಹೊರಗಿನ ಮಾಲು, ಹೇಳಿರಲಿಲ್ಲವೇ' ಎಂಬ ಮಾತು ನನ್ನ ತುದಿನಾಲಿಗೆಗೆ ಬಂದಿತ್ತು. ಆಕೆಯ ಮುಖ ನೋಡಿ, ಹೊರಗಿನ ಹಲ್ಲಿನಿಂದಲೇ ನಾಲಿಗೆ ಕಚ್ಚಿಕೊಂಡೆ.

ಟ್ರಿಗರನ್ನು ಬಿಚ್ಚಿ ಕಮಲಾಳ ಸ್ಟೀಲ್ ಬಟ್ಟಲಿನಲ್ಲಿ ಬಿಳಿ ಪೆಟ್ರೋಲ್ ಹಾಕಿ ಮುಳುಗಿಸಿ ಅಲುಗಿಸಿದೆ. ಬಟ್ಟಲಿನಲ್ಲಿ ತೆಳ್ಳಗೆ ಬೂದಿ ಬಣ್ಣದ ಮೋಡವೊಂದು ಎದ್ದಿತು. ಮೋಡ ನಿಧಾನವಾಗಿ ಸುತ್ತಿ, ತೇಲಿ, ತಳದಲ್ಲಿ ಬೆಳ್ಳಗೆ ಕೂತಿತು. ಸಿಡಿಮದ್ದಿನ ಮಸಿಯಾಗಿದ್ದರೆ ಕಪ್ಪಗಿರಬೇಕು. ಸವೆದ ಉಕ್ಕಾದರೆ ಮಿನುಗಬೇಕು.

"ಏನವಾ, ಇದರ ಮಾರಿಗೆ ಪೌಡರ್ ಹಚ್ಚೀ ಏನು?"

ಸುವರ್ಣಾ ಬಟ್ಟಲನ್ನೇ ನೋಡುತ್ತಿದ್ದಳು. ಆಮೇಲೆ ಮೆಲ್ಲಗೆ ತನ್ನ ಹಣೆ ಮುಟ್ಟಿ ತೋರಿಸಿದಳು. ವಿಭೂತಿ.

ಗೌರವ್ವ ಕುಡಗೋಲಿಗೆ ಮೂರು ಬೆರಳು, ಹೊಲಿಗೆಯ ಮಷೀನಿಗೆ ಮೂರು ಬೆರಳು ಎಳೆದಿದ್ದಳು. ಬಂದೂಕಿಗೂ ನಳಿಗೆಯ ಮೇಲೆ ಮೂರು ಬೆರಳು ಎಳೆದು ಸುಮ್ಮನಿದ್ದರೆ ಏನೂ ಆಗುತ್ತಿರಲಿಲ್ಲ. ಆದರೆ ಮಗಳನ್ನು ಕೇಳಿದ್ದಳಂತೆ, ಇದರಾಗ ಜೀವದ ಜಾಗಾ ಯಾವುದು ಎಂದು. ಮಗಳು ಟ್ರಿಗರ್ ತೋರಿಸಿದ್ದಳು. ತಾಯಿ ಗಟ್ಟಿ ವಿಭೂತಿಯನ್ನು ನೀರಿನಲ್ಲಿ ತೇಯ್ದು, ಆ ಜಾಗಕ್ಕೆ ಧಾರಾಳವಾಗಿ, ಒಳಗಿನವರೆಗೂ ಹೋಗಲೆಂದು ಬೆರಳಿನಿಂದ ಮೆತ್ತಿದ್ದಳು. ನೀರು ಆರಿತು. ವಿಭೂತಿ ಆ ಎರಡು ತುಂಡುಗಳ ನಡುವೆ ಕೂತು ಒಣಗಿ, ಬೆಕ್ಕು ಕೂರುವ ಜಾಗದಲ್ಲಿ ತಾನೇ ಕೂತುಬಿಟ್ಟಿತು.

"ಅವ್ವಗ ಹೇಳಬ್ಯಾಡ್ರಿ ಕಾಕಾ," ಎಂದಳು ಸುವರ್ಣಾ, ತನ್ನ ಕರವಸ್ತ್ರದಿಂದ ಬಟ್ಟಲಿನ ಅಂಚು ಒರೆಸುತ್ತ. "ಆಕಿ ಇನ್ನ ಅನ್ನ ಉಣ್ಣೂದಿಲ್ಲ."

ತೊಳೆದು, ಒಣಗಿಸಿ, ದಪ್ಪ ಕನ್ನಡಕ ಹಾಕಿ ಅಂಚನ್ನು ನೋಡಿದೆ. ಇಷ್ಟು ತಿಂಗಳು ದುಡಿದಿತ್ತು. ಒಂದು ಗೀರಿಲ್ಲ, ಒಂದು ಸವೆತವಿಲ್ಲ, ಸ್ಕ್ರೂ ಕೂದಲಷ್ಟೂ ಸರಿದಿರಲಿಲ್ಲ. ನನಗೆ ಸ್ವಲ್ಪ ನಿರಾಸೆಯೇ ಆಯಿತು ಎನ್ನಬೇಕು. ಜೋಡಿಸಿದ ಮೇಲೆ ಸದ್ದು ಕೇಳಬೇಕಲ್ಲ. ನಮ್ಮ ಓಣಿಯಲ್ಲಿ ಬೆಳಗಿನಿಂದ ಮಗ್ಗಗಳ ಖಟಖಟ. ಆ ಸದ್ದಿನಲ್ಲಿ ಮನುಷ್ಯರ ಮಾತೇ ಕೂಗಿ ಆಡಬೇಕು. ನಾವಿಬ್ಬರೂ ಪಡಸಾಲೆಯಲ್ಲಿ ಬಂದೂಕು ಮುಂದಿಟ್ಟುಕೊಂಡು ಕರೆಂಟು ಹೋಗುವುದನ್ನೇ ಕಾಯುತ್ತ ಕೂತೆವು. ಬೇಡವಾದಾಗ ಹೋಗುವ ಕರೆಂಟು ಆ ದಿನ ಬಹಳ ಹೊತ್ತು ಸತಾಯಿಸಿತು. ಕೊನೆಗೂ ಹೋಯಿತು. ಮಗ್ಗಗಳು ಒಂದೊಂದಾಗಿ ಬಾಯಿ ಮುಚ್ಚಿದವು. ಓಣಿಯೆಲ್ಲ ನೀರಿನಡಿಗೆ ಹೋದಂತೆ ನಿಶ್ಶಬ್ದ. ದೂರದಲ್ಲಿ ಯಾರೋ ಬಿಂದಿಗೆ ಇಟ್ಟರು. ನಾನು ಬೋಲ್ಟ್ ಮುಚ್ಚಿದೆ. ಟಿಕ್. ಅಷ್ಟು ಸಣ್ಣ, ಅಷ್ಟು ಸ್ವಚ್ಛ ಸದ್ದು.

ಟ್ರಿಗರ್ ಸರಿಹೋಯಿತು. ಸುವರ್ಣಾ ಸರಿಹೋಗಲಿಲ್ಲ.

ಮೈದಾನದಲ್ಲಿ ಹಿಂದೆ ನಿಂತು ನೋಡಿದೆ. ಪ್ರತಿ ಗುಂಡಿಗೂ ಬೋಲ್ಟ್ ಮುಚ್ಚಿದ ಮೇಲೆ ಆಕೆ ಗುರಿಯಿಂದ ಕಣ್ಣು ತೆಗೆದು ಕೆಳಗೆ ನೋಡುತ್ತಿದ್ದಳು. ಹಿಡಿದಿದೆಯೇ? ಮತ್ತೆ ಗುರಿ, ಮತ್ತೆ ಅನುಮಾನ, ಮತ್ತೆ ಕೆಳಗೆ. ಅಷ್ಟರಲ್ಲಿ ಉಸಿರಿನ ಲಯ ತಪ್ಪುತ್ತಿತ್ತು. ಗುಂಡುಗಳು ಜಗಳವಾಡಿದ ಅಣ್ಣತಮ್ಮಂದಿರಂತೆ ದೂರದೂರ ಕೂರತೊಡಗಿದವು. ಪಂದ್ಯ ಹತ್ತಿರ ಬರುತ್ತಿತ್ತು.

"ಕಾಕಾ, ಮೊದಲಿನದ್ದ ಹಾಕಿಬಿಡ್ರಿ," ಎಂದಳು ನಮ್ಮ ಮನೆಗೆ ಬಂದು. "ನಿಮಗೂ ಅದ ಸೇರತೈತಿ."

ಇಂಥ ಮಾತಿಗೆ ನಾನು ಕುಣಿಯಬೇಕಾಗಿತ್ತು. ಏನಾಯಿತೋ, ಎದ್ದು ನಿಂತು ಭಾಷಣವನ್ನೇ ಮಾಡಿದೆ. ಬೇಸಿಗೆಯಿಂದ ಆಕೆಯ ಬೆರಳು ಕಲಿತದ್ದು ಇದನ್ನು, ಈಗ ಬದಲಿಸಿದರೆ ಅಕ್ಷರ ಬರೆಯುವ ಕೈ ಬದಲಿಸಿದಂತೆ. ಈ ಅಂಚು ನಾನು ನೋಡಿದ ಅಂಚುಗಳಲ್ಲೇ ಗಟ್ಟಿಯದು. ತಪ್ಪು ಟ್ರಿಗರಿನದಲ್ಲ, ಆಕೆ ಒತ್ತುವವರೆಗೆ ಇದು ತಾನಾಗಿ ಬಿಡುವಂಥದ್ದಲ್ಲ ಎಂದೆಲ್ಲ.

"ಏನ್ರೀ," ಎಂದಳು ಕಮಲಾ, "ಹೊರಗಿನ ಮಾಲಿನ ವಕೀಲಿ ಯಾವಾಗ ಹಿಡಿದ್ರಿ?"

"ನೀ ಸುಮ್ನಿರು."

"ನಾ ಸುಮ್ನ ಅದೇನಿ. ಆದ್ರ ಈ ಹುಡುಗಿ ತಲಿಯಾಗ ನಿಮ್ಮ ಭಾಷಣ ಹೋಗವಲ್ದು ನೋಡ್ರಿ. ಬರೇ ಹೇಳಿದ್ರ ನಂಬಿಕಿ ಬರತೈತೇನು?"

ಅದು ಖರೇ. ಸುವರ್ಣಾ ತಲೆಯಾಡಿಸುತ್ತಿದ್ದಳು, ಕಣ್ಣು ಬಂದೂಕಿನ ಮೇಲೆ ಹಾವಿನ ಮೇಲಿದ್ದಂತೆ ಇತ್ತು. ನಾನು ಯೋಚಿಸಿದೆ. ನನ್ನ ಹಾಸಿಗೆಯ ಮಂಚ ಮುರಿದೀತೆಂದು ನಾನು ಯಾಕೆ ಹೆದರುವುದಿಲ್ಲ? ನಮ್ಮ ಮನೆಯ ಮೆಟ್ಟಿಲು ಇಳಿಯುವಾಗ ಯಾಕೆ ಕೆಳಗೆ ನೋಡುವುದಿಲ್ಲ? ಅವುಗಳ ಮೇಲೆ ನನಗೇನೂ ವಿಶೇಷ ಗೌರವವಿಲ್ಲ. ಅವು ನನಗೆ ಬೇಸರ ಬರುವಷ್ಟು ಹಳೆಯವಾಗಿವೆ, ಅಷ್ಟೇ. ಪಲ್ಟನ್ನಿನಲ್ಲಿ ಹೊಸಬರಿಗೆ ಬಂದೂಕಿನ ಭಯ ಬಿಡಿಸಲು ಉಸ್ತಾದರು ಮಾಡುತ್ತಿದ್ದದ್ದೂ ಇದನ್ನೇ. ಧೈರ್ಯದ ಮಾತು ಒಂದೂ ಇಲ್ಲ. ಬಿಚ್ಚು, ಜೋಡಿಸು, ಬಿಚ್ಚು, ಜೋಡಿಸು. ಆಕಳಿಕೆ ಬರುವವರೆಗೆ.

ಭಾನುವಾರ ಖಾನಾಪುರಕ್ಕೆ ಹೋದೆ. ಸುವರ್ಣಾಳ ಮನೆಯ ಹಿತ್ತಲ ಕಟ್ಟೆಯ ಮೇಲೆ ರಬ್ಬರಿನ ಚಾಪೆ ಹಾಸಿದೆವು. ಆರ್ಮರರುಗಳ ಹಳೆಯ ಪರೀಕ್ಷೆ ಇದು: ಬಂದೂಕು ಖಾಲಿಯೆಂದು ನೋಡಿ, ಬೋಲ್ಟನ್ನು ಜೋರಾಗಿ ಮುಚ್ಚಿ, ಹಿಂಬದಿಯನ್ನು ಚಾಪೆಗೆ ಕುಟ್ಟಬೇಕು. ಆಮೇಲೆ ರಬ್ಬರ್ ಸುತ್ತಿದ ಕೊಡತಿಯಿಂದ ಅಲ್ಲಲ್ಲಿ ಬಡಿಯಬೇಕು. ಟ್ರಿಗರ್ ಬಿಡಬಾರದು. ಸುವರ್ಣಾ ಬೋಲ್ಟ್ ಮುಚ್ಚುವುದು, ನಾನು ಬಡಿಯುವುದು. ಸ್ವಲ್ಪ ಹೊತ್ತಿಗೆ ಗೌರವ್ವ ರೊಟ್ಟಿಯ ಬುಟ್ಟಿ ಹಿಡಿದು ಹೊರಗೆ ಬಂದಳು.

"ಯಾಕ್ರೀ ಅಣ್ಣಾರ, ಪಾಪ, ಅದನ್ಯಾಕ ಬಡ್ಯಾಕತ್ತೀರಿ? ಏನ್ ಮಾಡೇತಿ ಅದು?"

"ಪರೀಕ್ಷಾ ನಡದೈತಿ ವೈನಿ."

"ನಿಮ್ಮ ಕೈ ಸೋತೈತಿ. ಕೊಡ್ರಿಲ್ಲೆ."

ಸೆರಗು ಸಿಕ್ಕಿಸಿ ಕೂತು ಕೊಡತಿ ತೆಗೆದುಕೊಂಡಳು. ಒಂದು ಹೊಡೆದಳು. ಇನ್ನೊಂದು ಹೊಡೆದಳು. ಟ್ರಿಗರ್ ಹಿಡಿದೇ ಇತ್ತು. ಮೂರನೆಯದಕ್ಕೆ ಕೊಡತಿ ಎತ್ತಿದವಳು ಹಾಗೆಯೇ ನಿಲ್ಲಿಸಿ ಕೇಳಿದಳು:

"ವಿಭೂತಿ ಒಳಗ ಹ್ವಾದ್ದಕ್ಕ ಹಿಂಗಾತಲ್ರೀ?"

ನಾನು ಹಿತ್ತಲ ಪೇರಲ ಗಿಡವನ್ನು ನೋಡಿದೆ. ಸುವರ್ಣಾ ತನ್ನ ಕಾಲ ಬೆರಳನ್ನು ನೋಡಿದಳು.

"ಮಾರಿ ತಿರುವಬ್ಯಾಡ್ರಿ. ಈಕಿ ಅರಿವಿ ಒಗ್ಯಾಕ ತಗೊಂಡೆ. ಕರವಸ್ತ್ರಕ್ಕ ಪೆಟ್ರೋಲ್ ವಾಸನಿ, ಮಡಿಕಿ ಒಳಗ ನನ್ನ ವಿಭೂತಿ. ನನಗ ಅಷ್ಟೂ ತಿಳಿಯೂದಿಲ್ಲೇನು?" ಗೌರವ್ವ ಕೊಡತಿಯನ್ನು ಮಡಿಲಿಗೆ ಇಳಿಸಿಕೊಂಡಳು. "ಜೀವದ ಜಾಗಾ ಅಂದ್ಲು. ಅಲ್ಲೇ ಕೂಡಲಿ ಅಂತ ಮೆತ್ತಿದೆ. ಶಿವನ ಬೂದಿ ಯಾವದಕ್ಕೂ ಅಡ್ಡ ಬರೂದಿಲ್ಲ ಅನಕೊಂಡಿದ್ದೆ."

"ಅವ್ವಾ, ಅದು ನಿಂದೇನ..."

"ನೀ ಸುಮ್ನ ಬೋಲ್ಟ್ ಹಾಕ."

ಸುವರ್ಣಾ ಹಾಕಿದಳು. ಗೌರವ್ವ ಕೊಡತಿಯನ್ನು ತಲೆಯವರೆಗೆ ಎತ್ತಿ, ಅಷ್ಟು ದಿನ ನುಂಗಿಕೊಂಡಿದ್ದದ್ದೆಲ್ಲ ಸೇರಿಸಿ ಕುಟ್ಟಿದಳು. ಕಟ್ಟೆಯ ಮೇಲಿದ್ದ ಚಟ್ನಿಯ ಬಟ್ಟಲು ಹಾರಿತು. ಟ್ರಿಗರ್ ಮಿಸುಕಲಿಲ್ಲ. ಆಕೆ ಬಗ್ಗಿ ಅದನ್ನು ಹತ್ತಿರದಿಂದ ನೋಡಿದಳು.

"ಎಲಾ ಇದರ! ನನ್ನ ಸಿಟ್ಟಿಗೂ ಬಿಡವಲ್ದಲ್ಲ!"

ಮೊದಲು ನಕ್ಕವಳು ಸುವರ್ಣಾ. ಆಮೇಲೆ ನಾವು ಬಡಿಯುವುದನ್ನೂ ನಗುವುದನ್ನೂ ರೊಟ್ಟಿ ತಿನ್ನುವುದನ್ನೂ ಬೇರೆಬೇರೆ ಮಾಡಲಿಲ್ಲ. ಬೋಲ್ಟ್, ಬಡಿ, ನೋಡು. ಬೋಲ್ಟ್, ಬಡಿ, ನೋಡು. ಬಿಸಿಲು ಹಿತ್ತಲ ಗೋಡೆಯಿಂದ ಇಳಿದು, ಬಾವಿಯ ಕಟ್ಟೆ ದಾಟಿ, ಪೇರಲ ಗಿಡದ ಬುಡಕ್ಕೆ ಬಂತು. ದೂರದಲ್ಲಿ ರೈಲು ಕೂಗಿತು. ಗೌರವ್ವ ಪಕ್ಕದ ಮನೆಯವಳ ಸೊಸೆಯ ವಿಷಯ ಹೇಳುತ್ತ ಬಡಿಯುತ್ತಿದ್ದಳು. ಸುವರ್ಣಾ ಆ ಕಥೆಗೆ ಹೂಂಗುಟ್ಟುತ್ತ ಬೋಲ್ಟ್ ಹಾಕುತ್ತಿದ್ದಳು. ನೋಡುವುದನ್ನು ಯಾವಾಗ ಬಿಟ್ಟಳೋ ನಾನೂ ಗಮನಿಸಲಿಲ್ಲ. ನನಗೆ ಕಣ್ಣು ಎಳೆಯುತ್ತಿತ್ತು. ಕೊನೆಗೆ ಆಕೆ ಬಾಯಿ ಪೂರ್ತಿ ತೆರೆದು ದೀರ್ಘವಾಗಿ ಆಕಳಿಸಿದಳು. ನಾನು ಕೊಡತಿ ತೆಗೆದುಕೊಂಡು ಚೀಲಕ್ಕೆ ಹಾಕಿದೆ.

ಪಂದ್ಯದ ದಿನ ಗೌರವ್ವ ಮಗಳ ಹಣೆಗೆ ಮಾತ್ರ ವಿಭೂತಿ ಹಚ್ಚಿದಳು. ಬಂದೂಕಿನಿಂದ ಮಾರು ದೂರ ಕೈ ಕಟ್ಟಿಕೊಂಡು ನಿಂತಳು. ನಾನು ಹಿಂದಿನ ಕಟ್ಟೆಯ ಬಳಿ ನಿಂತು ಅಂಕದ ಫಲಕವನ್ನು ನೋಡದೆ ಸುವರ್ಣಾಳ ತಲೆಯನ್ನಷ್ಟೇ ನೋಡುತ್ತಿದ್ದೆ. ಬೋಲ್ಟ್ ಮುಚ್ಚಿದಾಗ ಆ ತಲೆ ಕೆಳಗೆ ಬಾಗುತ್ತದೆಯೇ? ಮೊದಲ ಗುಂಡು. ಬಾಗಲಿಲ್ಲ. ಎರಡನೆಯದು. ಕಾಕತಿಯ ಗುಡ್ಡದ ಕಡೆಯಿಂದ ಗಾಳಿ ಬಂದು ಬಾವುಟಗಳು ಎದ್ದವು. ಆಕೆ ಕಾದಳು, ಗಾಳಿ ಹೋಗಗೊಟ್ಟಳು, ಬಿಟ್ಟಳು. ಹುಲ್ಲಿನ ವಾಸನೆ, ಸುಟ್ಟ ಮದ್ದಿನ ವಾಸನೆ, ಬಿಸಿಲಿನ ಝಳದಲ್ಲಿ ಗುರಿಗಳು ನೀರಿನೊಳಗಿನ ಕಲ್ಲುಗಳಂತೆ ತೇಲುತ್ತಿದ್ದವು. ಎಷ್ಟು ಹೊತ್ತು ಹೋಯಿತೋ ಗೊತ್ತಿಲ್ಲ. ಹೊತ್ತು ಗೊತ್ತಿಲ್ಲದೆ ನಾನು ನಿಂತದ್ದು ಅಪರೂಪ.

ಸಂಜೆ ಹೆಸರು ಕೂಗಿದರು. ತಂಡದಲ್ಲಿ ಆಕೆಯ ಹೆಸರು ಇತ್ತು, ಕೊನೆಯದಾಗಿ ಕೂಗಿದ್ದು. ಗೌರವ್ವ ಪಕ್ಕದಲ್ಲಿ ನಿಂತಿದ್ದ ಯಾರೋ ಅಪರಿಚಿತ ಹೆಂಗಸನ್ನು ತಬ್ಬಿಕೊಂಡು ಅತ್ತಳು. ಸುವರ್ಣಾ ದಪ್ಪ ಜಾಕೆಟ್ಟಿನ ಗುಂಡಿ ಬಿಚ್ಚುತ್ತ ನನ್ನ ಕಡೆ ಬಂದಳು. ಮುಖವೆಲ್ಲ ಬೆವರು, ಹಣೆಯ ವಿಭೂತಿ ಹುಬ್ಬಿನವರೆಗೆ ಇಳಿದಿತ್ತು. ನಾನು ಶಹಬ್ಬಾಸ್ ಎನ್ನಬೇಕಿತ್ತು. ಬಾಯಿಂದ ಬಂದದ್ದು ಬೇರೆ.

"ಟ್ರಿಗರ್ ಹೆಂಗಿತ್ತವ್ವಾ?"

ಆಕೆ ನಿಂತಳು. ಪೆಟ್ಟಿಗೆಯಲ್ಲಿ ಮಲಗಿದ್ದ ಬಂದೂಕಿನ ಕಡೆ ತಿರುಗಿ, ಎಲ್ಲೋ ಬಿಟ್ಟು ಬಂದ ವಸ್ತುವನ್ನು ನೆನಪು ಮಾಡಿಕೊಳ್ಳುವವಳಂತೆ ನೋಡಿದಳು.

"ಟ್ರಿಗರ್ರಾ?" ಎಂದಳು. "ಖರೇ ಹೇಳಬೇಕಂದ್ರ ಕಾಕಾ, ಅದರ ನೆನಪ ಆಗಲಿಲ್ಲ ನೋಡ್ರಿ."